ಎರಡಕ್ಕಿಂತ ಕೆಳಗೆ

ಮಾರ್ಚ್ 3, ಮಂಗಳವಾರ

ಈ ಪುಸ್ತಕವನ್ನು ಒಳಗೆ ತರಲು ಬಿಟ್ಟರು. ಕೈಗವಸು ಹಾಕಿಕೊಂಡೇ ಬರೆಯಬೇಕು. ಹೊರಡುವ ದಿನ ಇದನ್ನೂ ಅಳೆದು ನೋಡುತ್ತಾರಂತೆ, ಜಾಸ್ತಿ ಬಂದರೆ ಪುಸ್ತಕ ಇಲ್ಲೇ ಉಳಿಯುತ್ತದೆ.

ಕೋಣೆಗೆ ಕಿಟಕಿ ಇಲ್ಲ. ಗೋಡೆಯೊಳಗೆ ಸೀಸದ ಹಲಗೆ ಕೂರಿಸಿದ್ದಾರಂತೆ. ಬೆಳಿಗ್ಗೆ ಹತ್ತಕ್ಕೆ ತಳ್ಳುಗಾಡಿಯ ಮೇಲೆ ಗಿಡ್ಡನೆಯ ಸೀಸದ ಡಬ್ಬಿ ಬಂತು. ಒಳಗೆ ಒಂದೇ ಒಂದು ಮಾತ್ರೆ. ನರ್ಸ್ ಬಾಗಿಲಾಚೆ ನಿಂತು, "ನುಂಗಿ, ಮೇಲೆ ಎರಡು ಲೋಟ ನೀರು ಕುಡೀರಿ" ಎಂದಳು. ನುಂಗಿದೆ. ಏನೂ ಆಗಲಿಲ್ಲ. ಆಗಬೇಕಿತ್ತೆಂದಲ್ಲ, ಏನಾದರೂ ಆದೀತು ಎಂದು ಕಾಯುತ್ತಿದ್ದೆ.

ಗಂಟಲಿನ ಗ್ರಂಥಿಯನ್ನು ಕಳೆದ ತಿಂಗಳು ಕೊಯ್ದು ತೆಗೆದರು. ಚಾಕುವಿಗೆ ಸಿಗದೆ ಉಳಿದದ್ದನ್ನು ಈ ಮಾತ್ರೆ ಒಳಗಿನಿಂದ ಸುಡುತ್ತದೆ. ಸುಡುವಷ್ಟು ದಿನವೂ ನನ್ನ ಮೈಯಿಂದ ವಿಕಿರಣ ಹೊರಡುತ್ತಿರುತ್ತದೆ. ದೊಡ್ಡವರು ದೂರ ನಿಂತರೆ ಸಾಕು. ಮೂರೂವರೆ ವರ್ಷದ ಮಗು ಹತ್ತಿರ ಬರಲೇಬಾರದು. ರೋಗದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಪುಸ್ತಕ ತೆರೆದಾಗಲೆಲ್ಲ ಕಣ್ಣಿಗೆ ಬೀಳುತ್ತದೆ.

ಮಗಳು ಚಿಟ್ಟಿಯೂ ಅವಳಪ್ಪನೂ ನನ್ನ ಅಕ್ಕನ ಮನೆಯಲ್ಲಿದ್ದಾರೆ. ಹೊರಡುವಾಗ ಚಿಟ್ಟಿ ಅಳಲಿಲ್ಲ. ದೊಡ್ಡಮ್ಮನ ಲಾಂಡ್ರಿಯಲ್ಲಿ ಬಟ್ಟೆಯ ಗಂಟುಗಳ ಮೇಲೆ ಹಾರುವುದೆಂದರೆ ಅವಳಿಗೆ ನಾನೂ ಬೇಡ, ಅನ್ನವೂ ಬೇಡ.

ಅಳತೆ ತೆಗೆಯುವವರು ವಯಸ್ಸಾದವರು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮಾತಾಡುತ್ತಾರೆ. ನನ್ನಿಂದ ಒಂದು ಮೀಟರ್ ದೂರದಲ್ಲಿ ವಿಕಿರಣ ಅಳೆಯುವ ಮೀಟರಿನ ಪೆಟ್ಟಿಗೆ ಹಿಡಿದು, "ನೂರ ಇಪ್ಪತ್ತು" ಎಂದು ಬರೆದುಕೊಂಡರು.

"ಎಷ್ಟಕ್ಕೆ ಇಳಿದ್ರೆ ಬಿಡ್ತೀರಿ ಸರ್?"

"ಮೂವತ್ತಕ್ಕಿಂತ ಕೆಳಗೆ ಬಂದ್ರೆ ಮನೆ."

"ಮಗಳನ್ನ ಎತ್ತಿಕೊಳ್ಳೋದು?"

"ಎರಡಕ್ಕಿಂತ ಕೆಳಗೆ."


ಮಾರ್ಚ್ 4, ಬುಧವಾರ

ಇಂದು 47. ಒಂದೇ ದಿನಕ್ಕೆ 73 ಕಮ್ಮಿಯಾಗಿದೆ. "ಹಾಗಾದ್ರೆ ನಾಳೆಗೆ ಏನೂ ಇರಲ್ಲ ಅಲ್ವಾ ಸರ್?" ಎಂದೆ. ಮೀಟರಿನವರು ಕನ್ನಡಕ ಹಣೆಗೇರಿಸಿದರು.

"ಹಾಗೆ ಕಳೀತಾ ಹೋಗಲ್ಲಮ್ಮಾ ಇದು. ಇದ್ದದ್ದರಲ್ಲಿ ಇಂತಿಷ್ಟು ಪಾಲು ಅಂತ ಹೋಗುತ್ತೆ. ಜಾಸ್ತಿ ಇದ್ದಾಗ ಜಾಸ್ತಿ, ಕಮ್ಮಿ ಇದ್ದಾಗ ಕಮ್ಮಿ. ಅದೂ ದಿನಕ್ಕೊಮ್ಮೆ ಅಲ್ಲ, ಕ್ಷಣಕ್ಷಣಕ್ಕೂ. ಹೀಗೆ ನಡೆಯೋ ಎಲ್ಲದರ ಬುಡದಲ್ಲೂ ಒಂದು ಸಂಖ್ಯೆ ಕೂತಿರುತ್ತೆ, 2.718 ಚಿಲ್ಲರೆ. ಅದಕ್ಕೆ ಇ ಅಂತಾರೆ. ಯಾರೋ ಆರಿಸಿ ಇಟ್ಟಿದ್ದಲ್ಲ, ತಾನಾಗೇ ಬರುತ್ತೆ. ಲಾಗ್ ಓದಿದ್ದೀರಾ?"

ಓದಿದ್ದೆ. ಹದಿನೇಳನೆಯ ವಯಸ್ಸಿನಲ್ಲಿ ಫೇಲಾದದ್ದು ಅದೇ ಪಾಠದಲ್ಲಿ. ನಮ್ಮ ಮೇಷ್ಟರು ಲಾಗ್ ಕೋಷ್ಟಕವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸುತ್ತಿದ್ದರು, ಅದು ಯಾಕಿದೆ ಎಂದು ಒಂದು ದಿನವೂ ಹೇಳಲಿಲ್ಲ. ಆ ವರ್ಷವೇ ಸಮವಸ್ತ್ರ ಹೊಲಿಯುವ ಕಾರ್ಖಾನೆಯ ಕಟಿಂಗ್ ಮೇಜಿಗೆ ಸೇರಿದೆ. ಹದಿನೇಳು ವರ್ಷವಾಯಿತು, ಅಲ್ಲೇ ಇದ್ದೇನೆ.

ಮೀಟರಿನವರು ಬಾಗಿಲಲ್ಲೇ ನಿಂತು ಎರಡು ನಿಮಿಷದಲ್ಲಿ ಹೇಳಿದರು: "ಲಾಗ್ ಅಂದ್ರೆ ಒಂದು ಪ್ರಶ್ನೆ, ಅಷ್ಟೇ. ಆ ಇ ಮೇಲೆ ಯಾವ ಘಾತ ಕೂರಿಸಿದ್ರೆ ಈ ಸಂಖ್ಯೆ ಸಿಗುತ್ತೆ? ನಿಮ್ಮ ಫೋನಿನ ಲೆಕ್ಕದ ಯಂತ್ರ ಅಡ್ಡ ತಿರುಗಿಸಿ. ಎಲ್‌ಎನ್ ಅಂತ ಒಂದು ಗುಂಡಿ ಇದೆ. ಅದೇ."

ಪ್ಲಾಸ್ಟಿಕ್ ಸುತ್ತಿದ ಫೋನಿನಲ್ಲಿ ಮಧ್ಯಾಹ್ನವಿಡೀ ಆ ಗುಂಡಿ ಒತ್ತುತ್ತ ಕೂತೆ. ಎರಡರ ಲಾಗ್‌ಗೆ ಮೂರರ ಲಾಗ್ ಕೂಡಿಸಿದರೆ ಆರರ ಲಾಗ್. ನಾಲ್ಕರದಕ್ಕೆ ಮೂರರದು ಕೂಡಿಸಿದರೆ ಹನ್ನೆರಡರದು. ಗುಣಿಸಬೇಕಾದದ್ದೆಲ್ಲ ಬರೀ ಕೂಡಿಸುವುದಾಗಿ ಬಿಡುತ್ತದೆ, ಭಾಗಿಸಬೇಕಾದದ್ದು ಕಳೆಯುವುದಾಗುತ್ತದೆ. ಇಷ್ಟು ಸರಳವಾದದ್ದನ್ನು ಆ ಮಹಾನುಭಾವ ಮೇಷ್ಟರು ಹೇಳಿಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು?


ಮಾರ್ಚ್ 5, ಗುರುವಾರ

ಬೆಳಿಗ್ಗೆ ಹತ್ತರ ಅಳತೆ 24. ಮನೆಗೆ ಬಿಟ್ಟರು, ಪುಸ್ತಕವನ್ನೂ. ಸೋಮವಾರ ಮತ್ತೆ ಬಂದು ಅಳತೆ ಕೊಡಬೇಕು.

ಮನೆಯಲ್ಲಿ ಯಾರೂ ಇಲ್ಲ. ಮೂರನೆಯ ಮಹಡಿ, ಎರಡು ಕೋಣೆ. ಊಟದ ಡಬ್ಬಿಯನ್ನು ಅಕ್ಕ ಮೆಟ್ಟಿಲ ಮೇಲಿಟ್ಟು, ಬಾಗಿಲು ತಟ್ಟಿ ಇಳಿದು ಹೋಗಿದ್ದಳು.

ಚಿಟ್ಟಿಯ ಬಣ್ಣದ ಕಾಗದದ ಹಿಂಬದಿಯಲ್ಲಿ ಲೆಕ್ಕ ಮಾಡಿದೆ. ಒಂದು ದಿನದ ಅಳತೆಯನ್ನು ಮರುದಿನದ್ದರಿಂದ ಭಾಗಿಸಿ ಲಾಗ್ ತೆಗೆದೆ: ಮೊದಲ ದಿನದ ಇಳಿತ 0.937, ಎರಡನೆಯ ದಿನದ್ದು 0.672. ಸರಾಸರಿ 0.805 ಎಂದಿಟ್ಟುಕೊಂಡೆ. 24 ಇದ್ದದ್ದು 2 ಆಗಬೇಕು, ಅಂದರೆ ಹನ್ನೆರಡರಲ್ಲೊಂದು ಪಾಲು. ದಿನಗಳ ಸಂಖ್ಯೆ ಘಾತವಾಗಿ ಮೇಲೆ ಕೂತಿದೆ, ಕೈಗೆ ಸಿಗುವುದಿಲ್ಲ. ಎರಡೂ ಕಡೆ ಲಾಗ್ ತೆಗೆದರೆ ತಾನಾಗಿ ಕೆಳಗಿಳಿಯುತ್ತದೆ. ಅಟ್ಟ ಹತ್ತಿದವರ ಏಣಿ ಒದೆಯುವವರನ್ನು ಕಂಡಿದ್ದೇನೆ; ಇದು ಹತ್ತಿದವರಿಗೆ ಏಣಿ ಕೊಟ್ಟು ಇಳಿಸುವ ಲೆಕ್ಕ. ಹನ್ನೆರಡರ ಲಾಗ್ 2.485. ಅದನ್ನು 0.805ರಿಂದ ಭಾಗಿಸಿದರೆ ಮೂರು ದಿನ, ಮೇಲೆ ಎರಡು ಗಂಟೆ.

ಭಾನುವಾರ ಮಧ್ಯಾಹ್ನ ಹನ್ನೆರಡು!

ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಅದೇ ಬಂತು.


ಮಾರ್ಚ್ 7, ಶನಿವಾರ

ಸಂಜೆ ಐದಕ್ಕೆ ಅಕ್ಕ ಚಿಟ್ಟಿಯನ್ನು ಎದುರಿನ ಫುಟ್‌ಪಾತಿಗೆ ಕರೆತರುತ್ತಾಳೆ. ನಾನು ಕಿಟಕಿಯಲ್ಲಿ ನಿಲ್ಲುತ್ತೇನೆ. ಇಂದು ಚಿಟ್ಟಿ ಮೇಲೆ ನೋಡಿದ್ದು ಒಂದೇ ಸಲ. ಆಮೇಲೆ ದೊಡ್ಡಮ್ಮನ ಕೈಚೀಲದಲ್ಲಿ ತಲೆ ಹಾಕಿಕೊಂಡು ಬಿಸ್ಕತ್ತು ಹುಡುಕಿದಳು. ಜಡೆ ಹಾಕಿದ ರೀತಿಯೇ ಬೇರೆ. ನಾನು ಎರಡು ಹಾಕುತ್ತೇನೆ, ಅಕ್ಕ ಒಂದನ್ನೇ ಬಿಗಿದು ಹಾಕಿದ್ದಾಳೆ.

ಹಸುವನ್ನು ಒಂದು ದಿನ ಬೇರೆಯವರ ಕೊಟ್ಟಿಗೆಯಲ್ಲಿ ಕಟ್ಟಿದರೆ ಅದೇ ತನ್ನದೆಂದುಕೊಳ್ಳುತ್ತದಂತೆ. ಮಕ್ಕಳೂ ಹಾಗೆಯೇ ಇರಬೇಕು. ಅಕ್ಕನಿಗೂ ಯಾರಿದ್ದಾರೆ, ಸಿಕ್ಕಿದ್ದೇ ಅವಕಾಶ.

ಬರೆದದ್ದನ್ನು ಹೊಡೆದುಹಾಕುವುದಿಲ್ಲ. ನಾನೊಬ್ಬಳೇ ಓದುವುದು.


ಮಾರ್ಚ್ 8, ಭಾನುವಾರ

ಹನ್ನೆರಡಕ್ಕೇ ಕರೆಯಬಹುದಿತ್ತು. ಎಚ್ಚರಿಕೆಗಿರಲಿ ಎಂದು ನಾಲ್ಕರವರೆಗೆ ಕಾದೆ. ಅವಳಪ್ಪ ಲಿಫ್ಟ್ ರಿಪೇರಿ ಕೆಲಸಕ್ಕೆ ಹೋಗಿದ್ದ, ಎಲ್ಲೋ ಒಂದು ಸಿಕ್ಕಿಹಾಕಿಕೊಂಡಿತ್ತಂತೆ. ಅಕ್ಕನಿಗೆ ಫೋನ್ ಮಾಡಿದೆ.

"ನಾಳೆ ಹೇಗೂ ಆಸ್ಪತ್ರೆಗೆ ಹೋಗ್ತೀಯಲ್ಲೇ" ಎಂದಳು.

"ಲೆಕ್ಕ ಮಾಡಿದೀನಿ ಅಕ್ಕ. ಎರಡಕ್ಕಿಂತ ಕೆಳಗೆ ಬಂದಿದೆ."

"ಸರಿಯಾಗಿ ಮಾಡಿದ್ದೀಯಾ?"

"ನಾಲ್ಕು ಸಲ."

"ನೀನು ಓದಿದವಳು. ನನಗೇನು ಗೊತ್ತಾಗುತ್ತೆ." ಕರೆತಂದಳು.

ಚಿಟ್ಟಿ ಓಡಿ ಬಂದು ತೊಡೆಯೇರಿದಳು. ಕತ್ತಿನ ಗಾಯದ ಮೇಲೆ ಬೆರಳಿಟ್ಟು, "ಇದು ಝಿಪ್ಪಾ?" ಎಂದಳು. ಹೌದೆಂದೆ. ಒಂದು ಗಂಟೆ ನನ್ನ ಎದೆಗೊರಗಿ ನಿದ್ದೆ ಮಾಡಿದಳು. ಬೆವರಿದ ತಲೆ, ಸೋಪಿನ ವಾಸನೆ. ಅಲುಗಾಡದೆ ಕೂತಿದ್ದೆ, ಕಾಲು ಜೋಮು ಹಿಡಿಯಿತು. ಇಷ್ಟು ಸಾಕು, ಇನ್ನೇನೂ ಬೇಡ.


ಮಾರ್ಚ್ 9, ಸೋಮವಾರ

9.9.

ಪೆಟ್ಟಿಗೆ ಕೆಟ್ಟಿರಬೇಕು ಎಂದೆ. ಅವರು ಇನ್ನೊಂದು ಪೆಟ್ಟಿಗೆ ತಂದರು. 9.9.

ನನ್ನ ಕಾಗದ ತೋರಿಸಿದೆ. ಕನ್ನಡಕ ಕಣ್ಣಿಗಿಳಿಸಿ ಓದಿದರು. "ಲೆಕ್ಕ ಸರಿ ಇದೆ. ಸಮೀಕರಣ ತಪ್ಪು" ಎಂದರು. "ನಿಮ್ಮ ಮೈಯಲ್ಲಿ ಎರಡು ಥರ ಇದೆಯಮ್ಮಾ. ರಕ್ತದಲ್ಲಿದ್ದದ್ದು ನೀರಿನ ಜೊತೆ ಬೇಗ ಹೋಯ್ತು. ಕತ್ತಿನಲ್ಲಿ ಉಳಿದಿರೋ ತುಣುಕು ತನ್ನ ಪಾಲನ್ನ ಹಿಡಿದುಕೊಂಡಿದೆ, ಅದು ನಿಧಾನ. ನೋಡಿ, ಮೊದಲ ದಿನ 0.937, ಎರಡನೇ ದಿನ 0.672. ಒಂದೇ ವೇಗ ಆಗಿದ್ರೆ ಎರಡೂ ಒಂದೇ ಬರಬೇಕಿತ್ತು. ಇದು ಕಣ್ಣಿಗೆ ಬೀಳಲಿಲ್ವಾ?"

ಬಿದ್ದಿತ್ತು. ಸರಾಸರಿ ತೆಗೆದು ಮುಚ್ಚಿಹಾಕಿದ್ದೆ.

ಆಮೇಲೆ ಹೇಳಿದೆ. ನಿನ್ನೆ ಒಂದು ಗಂಟೆ, ಎದೆಯ ಮೇಲೆ. ಅವರು ಬಯ್ಯಲಿಲ್ಲ. ಮಗುವಿನ ತೂಕ ಕೇಳಿದರು, ತಲೆ ಎಲ್ಲಿತ್ತೆಂದು ಕೇಳಿದರು, ಬಹಳ ಹೊತ್ತು ಲೆಕ್ಕ ಹಾಕಿದರು. "ಮಗುವಿಗೆ ವರ್ಷಕ್ಕೆ ಇಷ್ಟು ಅಂತ ನಾವಿಟ್ಟಿರೋ ಮಿತಿಯಲ್ಲಿ ಏಳರಲ್ಲಿ ಒಂದು ಪಾಲು. ಅಪಾಯ ಇಲ್ಲ. ಆದ್ರೆ ಇನ್ನೊಂದು ಸಲ ಬೇಡ."

ಅಪಾಯ ಇಲ್ಲ ಎಂದದ್ದನ್ನು ಬರೆದುಕೊಡಿ ಎಂದೆ. ಬರೆದು, ಕೆಳಗೆ ಸಹಿ ಮಾಡಿ ಕೊಟ್ಟರು.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಆ ಕಡೆ ಇಸ್ತ್ರಿಪೆಟ್ಟಿಗೆಯ ಹಬೆ ಬುಸ್ಸೆನ್ನುತ್ತಿತ್ತು. ಕೊನೆಗೆ, "ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಬೇಕಿತ್ತು. ಮಗೂನ ಕೈಯಾರೆ ತಂದುಕೊಟ್ಟವಳು ನಾನು" ಎಂದಳು. ಇಟ್ಟುಬಿಟ್ಟಳು.


ಮಾರ್ಚ್ 10, ಮಂಗಳವಾರ

ಸಂಜೆ ಐದಕ್ಕೆ ಯಾರೂ ಬರಲಿಲ್ಲ.


ಮಾರ್ಚ್ 11, ಬುಧವಾರ

ಇಂದೂ ಇಲ್ಲ. ಡಬ್ಬಿ ತಂದವನು ಚಿಟ್ಟಿಯ ಅಪ್ಪ. ಮೆಟ್ಟಿಲ ತಿರುವಿನಲ್ಲಿ ಕೂತು ಮಾತಾಡಿದ. ಅವನಿಗೆ ಎಲ್ಲ ಗೊತ್ತಾಗಿದೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ.

"ಲಿಫ್ಟ್ ಮಧ್ಯದಲ್ಲಿ ನಿಂತಾಗ ಒಳಗಿರೋರಿಗೆ ನಾವು ಹೇಳೋ ಮೊದಲ ಮಾತೇನು ಗೊತ್ತಾ? ಬಾಗಿಲು ಎಳೀಬೇಡಿ ಅಂತ. ಎಲ್ಲರೂ ಎಳೀತಾರೆ. ಓದಿದೋರು ಇನ್ನೂ ಜೋರಾಗಿ ಎಳೀತಾರೆ."

"ಅಕ್ಕ ಏನಂತಾಳೆ?"

"ಏನೂ ಅನ್ನಲ್ಲ. ಅದೇ ಭಯ."


ಮಾರ್ಚ್ 12, ಗುರುವಾರ

7.3. ಮೂರು ದಿನದಲ್ಲಿ ಇಷ್ಟೇ ಇಳಿದಿದೆ.

ಇಡೀ ಮೈಯ ಚಿತ್ರವನ್ನೂ ತೆಗೆದರು. ಕತ್ತು ಬಿಟ್ಟು ಬೇರೆಲ್ಲೂ ರೋಗವಿಲ್ಲವಂತೆ. ಡಾಕ್ಟರ್ ಕೈಕುಲುಕಿದರು.

ಮೀಟರಿನವರ ಹತ್ತಿರ ಕೂತು ಹೊಸ ಸಮೀಕರಣ ಮಾಡಿದೆ, ಈ ಸಲ ಅವರ ಕಣ್ಣೆದುರೇ. 9.9ನ್ನು 7.3ರಿಂದ ಭಾಗಿಸಿ ಲಾಗ್ ತೆಗೆದರೆ 0.305, ಅದು ಮೂರು ದಿನದ್ದು. ದಿನಕ್ಕೆ 0.1015. 7.3 ಇದ್ದದ್ದು ಎರಡಾಗಲು ಹನ್ನೆರಡು ದಿನ, ಮೇಲೆ ಮುಕ್ಕಾಲು. "ವೇಗ ಇದೇ ಆಗಿದ್ರೆ" ಎಂದು ಪಕ್ಕದಲ್ಲಿ ಬರೆದೆ. ಅವರು ಆ ಮಾತಿನ ಕೆಳಗೆ ಗೆರೆ ಎಳೆದರು.

"ಇಷ್ಟು ನಿಧಾನ ಯಾಕೆ ಸರ್? ಬೇಗ ಹೋಗೋ ಹಾಗೆ ಏನೂ ಮಾಡಕ್ಕಾಗಲ್ವಾ?"

"ಬೇಗ ಹೋದ್ರೆ ಸುಡೋರು ಯಾರಮ್ಮಾ? ಹೋಗಬೇಕಾದ ಜಾಗದಲ್ಲೇ ಕೂತು ಕೆಲಸ ಮಾಡ್ತಾ ಇದೆ. ಅದಕ್ಕೇ ನಿಧಾನ."

ಬಸ್ಸು ಹತ್ತದೆ ನಡೆದೇ ಬಂದೆ, ಜನರಿಲ್ಲದ ಬೀದಿಗಳಲ್ಲಿ.


ಮಾರ್ಚ್ 14, ಶನಿವಾರ

ಅಕ್ಕ ಬಂದಿದ್ದಳು. ಡಬ್ಬಿಯಿಟ್ಟು ಬಾಗಿಲು ತಟ್ಟಿದವಳು ಇಳಿದು ಹೋಗಲಿಲ್ಲ. ಬಾಗಿಲು ತೆಗೆದರೆ ಮೆಟ್ಟಿಲ ತಿರುವಿನಲ್ಲಿ ಕೂತಿದ್ದಾಳೆ, ಕೈಯಲ್ಲಿ ಲಾಂಡ್ರಿಯ ಚೀಟಿ ಪುಸ್ತಕ ಮತ್ತು ಪೆನ್ಸಿಲ್ಲು.

"ಆ ಲೆಕ್ಕ ನನಗೂ ಹೇಳಿಕೊಡು. ಮುಂದಿನ ಸಲ ತಪ್ಪಾದ್ರೆ ಇಬ್ಬರ ತಲೆ ಮೇಲೂ ಬರಲಿ."

ಅಕ್ಕ ಓದಿದ್ದು ನಾಲ್ಕನೆಯ ತರಗತಿ. ನನ್ನ ಫೀಸಿಗೆಂದು ಅವಳು ಹನ್ನೊಂದನೆಯ ವಯಸ್ಸಿನಲ್ಲಿ ಬಟ್ಟೆ ಒಗೆಯಲು ಹೋದಳು, ನಾನು ಆ ಫೀಸಿನಲ್ಲಿ ಓದಿ ಫೇಲಾದೆ. ಎಲ್ಲಿಂದ ಶುರು ಮಾಡಲಿ? ಬಟ್ಟೆ ಜಾಲಿಸುವುದರಿಂದ ಶುರು ಮಾಡಿದೆ. ಒಂದು ಸಲ ಜಾಲಿಸಿದರೆ ಅರ್ಧ ಸೋಪು ಹೋಗುತ್ತದೆ ಎಂದಿಟ್ಟುಕೋ. ಎರಡನೆಯ ಸಲಕ್ಕೆ ಪೂರ್ತಿ ಹೋಗುತ್ತದಾ?

"ಎಲ್ಲಿ ಹೋಗುತ್ತೆ? ಉಳಿದಿದ್ದರಲ್ಲಿ ಅರ್ಧ ಹೋಗುತ್ತೆ."

"ಹನ್ನೆರಡರಲ್ಲಿ ಒಂದು ಪಾಲು ಉಳೀಬೇಕು ಅಂದ್ರೆ ಎಷ್ಟು ಸಲ ಜಾಲಿಸಬೇಕು?"

ಬೆರಳು ಮಡಚಿದಳು. "ಮೂರು ಸಲಕ್ಕೆ ಎಂಟರಲ್ಲೊಂದು. ನಾಲ್ಕಕ್ಕೆ ಹದಿನಾರರಲ್ಲೊಂದು. ಮೂರೂವರೆ ಸಲ. ಅರ್ಧ ಸಲ ಯಾರೂ ಜಾಲಿಸಲ್ಲ ಬಿಡು."

"ಆ ಮೂರೂವರೆ ಅನ್ನೋದನ್ನ ಹುಡುಕೋದೇ ಲಾಗ್."

"ಇಷ್ಟೇನಾ? ಇದಕ್ಕಾ ನೀನು ಫೇಲಾಗಿದ್ದು?"

ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ನನ್ನ ಹಳೆಯ ಕಾಗದವನ್ನು ತೋರಿಸು ಎಂದಳು. ದೂರದಿಂದಲೇ ಎತ್ತಿ ಹಿಡಿದು, ಎಲ್ಲಿ ತಪ್ಪಿದೆನೆಂದು ವಿವರಿಸತೊಡಗಿದೆ. ಎರಡು ವಾಕ್ಯ ಮುಗಿಯುವುದರೊಳಗೆ ತಲೆಯಾಡಿಸಿದಳು.

"ಮೇಲಿರೋ ಸೋಪು ಮೊದಲ ನೀರಿಗೇ ಹೋಗುತ್ತೆ ಕಣೇ. ಹೊಲಿಗೆ ಒಳಗೆ, ಕಾಲರ್ ಮಡಿಕೆ ಒಳಗೆ ಕೂತಿರೋದು ಬಿಡಲ್ಲ. ಮೊದಲ ಎರಡು ನೀರು ನೋಡಿ ಇಷ್ಟೇ ಅಂದ್ಕೊಂಡು ಒಣಗಿ ಹಾಕಿದ್ರೆ ಕತ್ತು ತುರಿಸುತ್ತೆ, ಗಿರಾಕಿ ತಂದು ಮುಖದ ಮೇಲೆ ಎಸೀತಾನೆ. ನೀನು ಎರಡು ನೀರು ನೋಡಿ ಲೆಕ್ಕ ಹಾಕಿದ್ಯಾ?"

ಹೌದೆಂದೆ.

"ನನ್ನನ್ನ ಕೇಳಿದ್ರೆ ಹೇಳ್ತಿದ್ದೆ."

ಅವಳನ್ನು ಯಾವತ್ತೂ ಏನನ್ನೂ ಕೇಳಿಲ್ಲ ನಾನು. ಕ್ಯಾನ್ಸರ್ ಎಂದು ಗೊತ್ತಾದ ದಿನವೂ, "ಮಗೂನ ಇಟ್ಕೋತೀಯಾ?" ಎಂದು ಕೇಳಲಿಲ್ಲ, "ಮಗೂನ ಕರ್ಕೊಂಡು ಹೋಗು" ಎಂದಿದ್ದೆ.

ಒಂದು ಗಂಟೆ ಕೂತಿದ್ದಳು. ನಾನು ಹೊಸ್ತಿಲೊಳಗೆ, ಅವಳು ಎಂಟು ಮೆಟ್ಟಿಲು ಕೆಳಗೆ.


ಮಾರ್ಚ್ 15, ಭಾನುವಾರ

ಐದಕ್ಕೆ ಬಂದರು. ಚಿಟ್ಟಿಗೆ ಒಂದೇ ಜಡೆ. ಚೆನ್ನಾಗಿ ಕಾಣುತ್ತದೆ.


ಮಾರ್ಚ್ 19, ಗುರುವಾರ

ದಿನವೂ ಸಂಜೆ ಪಾಠ. ಅಕ್ಕನಿಗೆ ದಶಾಂಶ ಬಿಂದು ಎಂದರೆ ಸಿಟ್ಟು, "ಈ ಚುಕ್ಕಿ ಇಲ್ಲದಿದ್ರೆ ಪ್ರಪಂಚ ಮುಳುಗುತ್ತಾ?" ಎನ್ನುತ್ತಾಳೆ. ಆದರೆ ಒಂದು ಹೆಜ್ಜೆ ಅರ್ಥವಾಗದಿದ್ದರೆ ಮುಂದೆ ಹೋಗಲು ಬಿಡುವುದಿಲ್ಲ. ಯಾಕೆ ಒಂದರ ಲಾಗ್ ಸೊನ್ನೆ ಎಂದು ಕೇಳಿದಳು. ನಾನು ತಡವರಿಸುವಷ್ಟರಲ್ಲಿ ತಾನೇ ಹೇಳಿದಳು: "ಸೋಪು ಇದ್ದಷ್ಟೇ ಇರಬೇಕು ಅಂದ್ರೆ ಜಾಲಿಸಲೇಬಾರದು. ಸೊನ್ನೆ ಸಲ."

ಲಾಂಡ್ರಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನನ್ನ ಅಳತೆಯ ದಿನದ ಅಂದಾಜು ಬರೆಯುತ್ತಾಳಂತೆ. ಗಿರಾಕಿಗಳು ಇದೇನು ದರ ಇಳಿಸಿದ್ದೀರಾ ಎಂದು ಕೇಳಿದರಂತೆ.

ಗಂಟಲು ನೋವು ಕಮ್ಮಿ. ಬಾಯಿಗೆ ಇನ್ನೂ ರುಚಿಯಿಲ್ಲ.


ಮಾರ್ಚ್ 25, ಬುಧವಾರ

ಬೆಳಿಗ್ಗೆ ಹತ್ತಕ್ಕೆ ಅಳತೆ. ಅಕ್ಕ ಅಂಗಡಿ ಮುಚ್ಚಿ ಜೊತೆಗೆ ಬಂದಿದ್ದಳು, ಕಾಯುವ ಕೋಣೆಯ ಆ ಕೊನೆಯಲ್ಲಿ ಕೂತಿದ್ದಳು.

2.1.

ಮೀಟರಿನವರು ಪೆಟ್ಟಿಗೆ ಕೆಳಗಿಟ್ಟು ನಕ್ಕರು. "ಹೋಗಿ ಅಮ್ಮಾ, ಮಗಳನ್ನ ಎತ್ಕೊಳ್ಳಿ. ಪಾಯಿಂಟ್ ಒಂದು ಲೆಕ್ಕಕ್ಕಿಲ್ಲ. ಮಿತಿ ಇಡುವಾಗಲೇ ನಾವು ಸಾಕಷ್ಟು ಬಿಗಿಯಾಗಿ ಇಟ್ಟಿರ್ತೀವಿ."

ಕೂತು ಲೆಕ್ಕ ಮಾಡಿದೆ. 2.1ನ್ನು 2ರಿಂದ ಭಾಗಿಸಿ ಲಾಗ್ ತೆಗೆದೆ, 0.1015ರಿಂದ ಭಾಗಿಸಿದೆ. ಹೊರಗೆ ಬಂದು ಅಕ್ಕನಿಗೆ 2.1 ಎಂದಷ್ಟೇ ಹೇಳಿದೆ. ಅವಳು ಚೀಟಿ ಪುಸ್ತಕ ತೆಗೆದಳು, ಫೋನನ್ನು ಅಡ್ಡ ತಿರುಗಿಸಿದಳು, ತುಟಿ ಅಲುಗಿಸುತ್ತ ಬಹಳ ಹೊತ್ತು ತೆಗೆದುಕೊಂಡಳು.

"ಹನ್ನೊಂದೂವರೆ ಗಂಟೆ" ಎಂದಳು.

"ನನಗೂ ಅಷ್ಟೇ ಬಂತು."

"ಅಂದ್ರೆ ರಾತ್ರಿ ಒಂಬತ್ತೂವರೆ. ಅಷ್ಟೊತ್ತಿಗೆ ಅವಳು ಮಲಗಿರ್ತಾಳೆ."

"ನಾಳೆ ಬೆಳಿಗ್ಗೆ ಕರ್ಕೊಂಡು ಬಾ."

ಮೀಟರಿನವರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ನನ್ನ ಹೆಸರಿನ ಕಡತವನ್ನು ಮುಚ್ಚಿ ಕಂಕುಳಲ್ಲಿಟ್ಟುಕೊಂಡು, ಇಬ್ಬರಿಗೂ ಕೈ ಮುಗಿದು ಒಳಗೆ ಹೋದರು.

ಮನೆಗೆ ಬಂದು ಹಾಸಿಗೆಯ ಬಟ್ಟೆಗಳನ್ನೆಲ್ಲ ಒಗೆದೆ, ಐದು ನೀರು ಜಾಲಿಸಿದೆ.


ಮಾರ್ಚ್ 26, ಗುರುವಾರ

ಬೆಳಿಗ್ಗೆ ಏಳಕ್ಕೆ ಚಿಟ್ಟಿ ಬಂದಳು. ಓಡಿ ಬರಲಿಲ್ಲ. ಬಾಗಿಲಲ್ಲಿ ನಿಂತು ದೊಡ್ಡಮ್ಮನ ಮುಖ ನೋಡಿದಳು. ಹೋಗು ಎಂದು ಅವಳು ಹೇಳಿದ ಮೇಲೂ ಮೆಲ್ಲಗೆ, ಒಂದೊಂದೇ ಹೆಜ್ಜೆ. ನಾನು ನೆಲದ ಮೇಲೆ ಕೂತೇ ಇದ್ದೆ. ಮೊಣಕಾಲಿನ ಹತ್ತಿರ ಬಂದು ನಿಂತಳು, ಮೊದಲು ಒಂದು ಕೈ ಹೆಗಲ ಮೇಲಿಟ್ಟಳು, ಆಮೇಲೆ ಇನ್ನೊಂದು.

ಅಕ್ಕ ಚೀಲದಿಂದ ಚಿಟ್ಟಿಯ ಬಟ್ಟೆಗಳನ್ನು ತೆಗೆದು ಮಂಚದ ಮೇಲಿಟ್ಟಳು, ಎಲ್ಲವನ್ನೂ ಮಡಚಿ, ಚಡ್ಡಿಗಳಿಗೂ ಇಸ್ತ್ರಿ ಹಾಕಿ. "ಅಂಗಡಿ ತೆಗೀಬೇಕು" ಎಂದು ಹೊರಟುಹೋದಳು. ಮೆಟ್ಟಿಲು ಇಳಿಯುವ ಸದ್ದು ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತು, ಮತ್ತೆ ಶುರುವಾಯಿತು.

ದಿನವಿಡೀ ಆಟ. ಅವಳಪ್ಪ ಮಧ್ಯಾಹ್ನವೇ ಬಂದ. ಮೂರು ಜನ ಒಂದೇ ತಟ್ಟೆಯಲ್ಲಿ ಉಂಡೆವು.

ಸಂಜೆ ದೀಪ ಹಾಕುವ ಹೊತ್ತಿಗೆ ಚಿಟ್ಟಿ ರಾಗ ತೆಗೆದಳು. ಮೊದಲು ಹೊಟ್ಟೆ ನೋವು ಎಂದಳು, ಆಮೇಲೆ ದಿಂಬು ಸರಿಯಿಲ್ಲ ಎಂದಳು, ಕೊನೆಗೆ ದೊಡ್ಡಮ್ಮ ಬೇಕು ಎಂದು ಬಿಕ್ಕಿ ಬಿಕ್ಕಿ ಅತ್ತಳು. ಎತ್ತಿಕೊಂಡು ತಿರುಗಾಡಿದೆ. ಮಾಡಿದ ಉಪಾಯವೆಲ್ಲ ನೀರಿನಲ್ಲಿ ಹೋಮ. ಎಡಗೈಯಲ್ಲಿ ಅವಳನ್ನು ಹಿಡಿದುಕೊಂಡೇ ಫೋನ್ ಮಾಡಿದೆ.

"ಅಕ್ಕ, ಊಟ ಆಯ್ತಾ?"

"ಇನ್ನೂ ಇಲ್ಲ. ಒಬ್ಬಳಿಗೆ ಏನು ಮಾಡೋದು ಅಂತ ನೋಡ್ತಿದ್ದೆ. ಯಾಕೆ, ಅವಳು ಅಳ್ತಿದ್ದಾಳಾ?"

"ನಿನ್ನನ್ನ ಕೇಳ್ತಿದ್ದಾಳೆ. ಬರ್ತೀಯಾ?"

"ನಾನ್ಯಾಕೆ? ನೀನಿದ್ದೀಯಲ್ಲ ಈಗ."

"ನಾನೊಬ್ಬಳೇ ಸಾಲಲ್ಲ ಅಕ್ಕ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಅನ್ನಕ್ಕೆ ಇನ್ನೊಂದು ಹಿಡಿ ಅಕ್ಕಿ ಹಾಕು" ಎಂದಳು.

ಹಾಕಿದ್ದೇನೆ. ಮೆಟ್ಟಿಲ ಮೇಲೆ ಸದ್ದಾಗುತ್ತಿದೆ.